ಅಂಡಾಶಯ ತೆಗೆಸಿಕೊಂಡ ಮೇಲೆ ಮೂತ್ರಕೋಶದ ಕಾಳಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ 41 ತುಂಬಿದ ವರ್ಷ ಎರಡೂ ಅಂಡಾಶಯ, ಎರಡೂ ಅಂಡನಾಳ ತೆಗೆಸಿಕೊಂಡೆ. ನನಗೆ ಕ್ಯಾನ್ಸರ್ ಬಂದಿರಲಿಲ್ಲ. ಅಮ್ಮನಿಗೆ ಬಂದಿತ್ತು, ಚಿಕ್ಕಮ್ಮನಿಗೂ ಬಂದಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ನನಗೂ ಸ್ತನ, ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ಬಿಆರ್‌ಸಿಎ1 ಜೀನ್‌ನಲ್ಲಿ ದೋಷ ಇದೆ ಅಂತ ಗೊತ್ತಾಯಿತು. ಆಪರೇಷನ್‌ಗೆ ಮುಂಚೆ ಮೈ ಬಿಸಿಯೇರೋದು, ಮೂಳೆ ಸವೆಯೋದು, ನಿದ್ದೆ ಕೆಡೋದು ಎಲ್ಲ ಬಿಡಿಸಿ ಹೇಳಿದರು. ಮೂತ್ರಕೋಶದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಮೂರನೇ ವರ್ಷ ಒಂದು ಬೆಳಿಗ್ಗೆ ಸೊಪ್ಪಿನ ಗಾಡಿ ಮುಂದೆ ನಿಂತು ಸೀನಿದೆ. ಒಳಲಂಗ ಒದ್ದೆಯಾಯಿತು. ಸೊಪ್ಪಿನ ಚೀಲವನ್ನು ಸೀರೆಗೆ ಅಡ್ಡ ಹಿಡಿದುಕೊಂಡು ಮನೆಗೆ ಬಂದೆ. ಎಂಟು ತಿಂಗಳು ಯಾರಿಗೂ ಹೇಳಲಿಲ್ಲ.

ಆ ಎಂಟು ತಿಂಗಳು ಸುಮ್ನೆ ಹಾಳಾಯಿತು ಅನ್ನೋ ಸಂಕಟ ಇವತ್ತಿಗೂ ಇದೆ. ಯಾಕಂದ್ರೆ ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಇದೇ ಆಪರೇಷನ್ ಆದ ಹೆಂಗಸರು, ಮಾಡಿಸಬೇಕಾ ಬೇಡವಾ ಅಂತ ಯೋಚಿಸುತ್ತಿರುವವರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ಶುರು ಮಾಡೋದು, ಬಿಡೋದು ನಿಮ್ಮ ಡಾಕ್ಟರ್ ಹೇಳಿದ ಹಾಗೇ ಆಗಬೇಕು.

ಕ್ಯಾನ್ಸರ್ ಇಲ್ಲದೆಯೂ ಅಂಡಾಶಯ ಯಾಕೆ ತೆಗೆಸಬೇಕು?

ಎಲ್ಲರೂ ತೆಗೆಸಬೇಕಾಗಿಲ್ಲ. ಸಾಮಾನ್ಯವಾಗಿ ಒಬ್ಬ ಹೆಂಗಸಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು. ಬಿಆರ್‌ಸಿಎ1 ದೋಷ ಇದ್ದರೆ 80 ವರ್ಷದೊಳಗೆ ನೂರಕ್ಕೆ ಸುಮಾರು 44, ಬಿಆರ್‌ಸಿಎ2 ಆದರೆ ಸುಮಾರು 17. ಸ್ತನ ಕ್ಯಾನ್ಸರಿಗೆ ಮ್ಯಾಮೋಗ್ರಾಂ ಇದೆ. ಅಂಡಾಶಯದ ಕ್ಯಾನ್ಸರನ್ನು ಬೇಗ ಹಿಡಿಯುವ ನಂಬಿಕಸ್ಥ ಪರೀಕ್ಷೆ ಇಲ್ಲ. ಅದಕ್ಕೇ ಬಿಆರ್‌ಸಿಎ1 ಇದ್ದವರಿಗೆ 35ರಿಂದ 40ರೊಳಗೆ, ಬಿಆರ್‌ಸಿಎ2 ಇದ್ದವರಿಗೆ 40ರಿಂದ 45ರೊಳಗೆ, ಮಕ್ಕಳು ಬೇಕು ಅನ್ನೋದು ಮುಗಿದ ಮೇಲೆ, ಅಂಡಾಶಯ ಮತ್ತು ಅಂಡನಾಳ ತೆಗೆಸಿ ಅನ್ನುತ್ತಾರೆ. ನಟಿ ಆಂಜೆಲಿನಾ ಜೋಲಿ 2015ರಲ್ಲಿ 39ನೇ ವಯಸ್ಸಿಗೆ ತೆಗೆಸಿಕೊಂಡು ಅದನ್ನು ಬಹಿರಂಗವಾಗಿ ಬರೆದ ಮೇಲೆ ತುಂಬ ಜನಕ್ಕೆ ಈ ವಿಷಯ ತಿಳಿಯಿತು. ಆಪರೇಷನ್ ಆದರೆ ಅಂಡಾಶಯದ ಕ್ಯಾನ್ಸರ್ ಭಯ ನೂರಕ್ಕೆ 80ರಷ್ಟು ತಗ್ಗುತ್ತದೆ. ನಾನು ಮಾಡಿಸಿಕೊಂಡದ್ದಕ್ಕೆ ಒಂದು ದಿನವೂ ಬೇಜಾರು ಮಾಡಿಕೊಂಡಿಲ್ಲ.

ಅಂಡಾಶಯಕ್ಕೂ ಮೂತ್ರಕ್ಕೂ ಏನು ಸಂಬಂಧ?

ತುಂಬಾ ಹತ್ತಿರದ ಸಂಬಂಧ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಬೆಳೆಯುವಾಗ ಮೂತ್ರಕೋಶ, ಮೂತ್ರನಾಳ, ಯೋನಿಯ ಕೆಳಭಾಗ ಈ ಮೂರೂ ಒಂದೇ ಅಂಗಾಂಶದಿಂದ ಬರುತ್ತವೆ. ಹಾಗಾಗಿ ಮೂರೂ ಈಸ್ಟ್ರೋಜನ್ ಹಾರ್ಮೋನನ್ನು ನೆಚ್ಚಿಕೊಂಡಿವೆ. ಈಸ್ಟ್ರೋಜನ್ ಇರುವಾಗ ಮೂತ್ರನಾಳದ ಒಳಪದರ ದಪ್ಪಗೆ, ಮೆತ್ತಗೆ ಇರುತ್ತದೆ. ಬಾಯಿ ಸರಿಯಾಗಿ ಕೂಡಿಕೊಳ್ಳುತ್ತದೆ. ನಲ್ಲಿಯ ಒಳಗಿನ ವಾಷರ್ ಇದ್ದ ಹಾಗೆ ಅಂದುಕೊಳ್ಳಿ. ಈಸ್ಟ್ರೋಜನ್ ಹೋದ ಮೇಲೆ ಆ ಪದರ ತೆಳ್ಳಗಾಗುತ್ತದೆ, ಒಣಗುತ್ತದೆ, ರಕ್ತ ಓಡಾಟ ಕಡಿಮೆಯಾಗುತ್ತದೆ. ಮೂತ್ರಕೋಶ ಸ್ವಲ್ಪ ತುಂಬಿದರೂ ‘ಈಗಲೇ ಹೋಗು’ ಅಂತ ಒತ್ತಾಯ ಶುರು ಮಾಡುತ್ತದೆ.

ಇನ್ನೊಂದು ಬದಲಾವಣೆ ಕಣ್ಣಿಗೆ ಕಾಣೋದಿಲ್ಲ. ಯೋನಿಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ನಮ್ಮ ಮನೆಯಲ್ಲಿ ಹಾಲನ್ನು ಮೊಸರು ಮಾಡುತ್ತವಲ್ಲ, ಅದೇ ಕುಟುಂಬದ್ದು. ಅವು ಆ ಜಾಗವನ್ನು ಹುಳಿಯಾಗಿ ಇಟ್ಟಿರುತ್ತವೆ, ಹುಳಿಯಿದ್ದಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ. ಅವುಗಳ ಆಹಾರ ಸಿಗೋದು ಈಸ್ಟ್ರೋಜನ್ ದಪ್ಪಗೆ ಇಟ್ಟ ಪದರದಿಂದಲೇ. ಪದರ ಸೊರಗಿದರೆ ಅವೂ ಸೊರಗುತ್ತವೆ. ಆಗ ಮಲದ್ವಾರದ ಕಡೆಯಿಂದ ಇ-ಕೋಲೈ ಅನ್ನೋ ಬ್ಯಾಕ್ಟೀರಿಯಾ ಬಂದು ಸೇರಿಕೊಳ್ಳುತ್ತದೆ, ಉರಿಮೂತ್ರ ಶುರುವಾಗುತ್ತದೆ.

ಯೋನಿ ಒಣಗೋದು, ಮೂತ್ರದ ಅವಸರ, ಪದೇ ಪದೇ ಸೋಂಕು ಎಲ್ಲವೂ ಒಂದೇ ಗಂಟು ಅಂತ ವೈದ್ಯಲೋಕ 2014ರಲ್ಲಿ ಇವಕ್ಕೆಲ್ಲ ಸೇರಿಸಿ ಒಂದೇ ಹೆಸರು ಕೊಟ್ಟಿತು. ಅದನ್ನು ಜಿಎಸ್‌ಎಂ ಅನ್ನುತ್ತಾರೆ. ಡಾಕ್ಟರ್ ಚೀಟಿಯಲ್ಲಿ ಆ ಮೂರು ಅಕ್ಷರ ಕಂಡರೆ ಹೆದರಬೇಡಿ.

ವಯಸ್ಸಾಗಿ ಮುಟ್ಟು ನಿಂತವರಿಗೂ ಹೀಗೇ ಆಗುತ್ತೆ ಅಲ್ವಾ?

ಆಗುತ್ತದೆ, ಆದರೆ ನಿಧಾನವಾಗಿ. ನಮ್ಮ ದೇಶದಲ್ಲಿ ಸಹಜವಾಗಿ ಮುಟ್ಟು ನಿಲ್ಲೋದು ಸುಮಾರು 46–47ಕ್ಕೆ. ಅದಕ್ಕೂ ಮೊದಲೇ ಕೆಲವು ವರ್ಷ ಹಾರ್ಮೋನ್ ಏರಿಳಿಯುತ್ತಾ ಇಳಿಯುತ್ತದೆ, ಮೈಗೆ ಒಗ್ಗಿಕೊಳ್ಳಲು ಸಮಯ ಸಿಗುತ್ತದೆ. ನಮಗೆ ಆಪರೇಷನ್ ಆದ ಕೆಲವೇ ದಿನಗಳಲ್ಲಿ ಪೂರ್ತಿ ಇಳಿದುಬಿಡುತ್ತದೆ. ಮುಟ್ಟು ನಿಂತ ಮೇಲೂ ಅಂಡಾಶಯ ಸ್ವಲ್ಪ ಸ್ವಲ್ಪ ಟೆಸ್ಟೋಸ್ಟೀರಾನ್ ಕೊಡುತ್ತಿರುತ್ತದೆ, ನಮಗೆ ಅದೂ ಇಲ್ಲ. 38ಕ್ಕೇ ತೆಗೆಸಿಕೊಂಡವರು ಓರಗೆಯವರಿಗಿಂತ ಎಂಟು ಹತ್ತು ವರ್ಷ ಜಾಸ್ತಿ ಈಸ್ಟ್ರೋಜನ್ ಇಲ್ಲದೆ ಕಳೆಯುತ್ತಾರೆ. ಈ ಕಾಳಜಿ ದೀರ್ಘಕಾಲ ಬೇಕು ಅಂತ ನಾನು ಒತ್ತಿ ಹೇಳೋದು ಅದಕ್ಕೇ.

ಹಾಗಂತ ಎಲ್ಲರಿಗೂ ಬರೋದಿಲ್ಲ. ಹೆರಿಗೆ ಎಷ್ಟು, ಹೇಗೆ ಆಯಿತು, ತೂಕ, ಸಕ್ಕರೆ ಕಾಯಿಲೆ, ಹಳೆಯ ಕೆಮ್ಮು, ಮಲಬದ್ಧತೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಮೈ ಬಿಸಿಯೇರೋದು ಬಹಳ ಜನರಿಗೆ ವರ್ಷಗಳು ಕಳೆದ ಹಾಗೆ ತಗ್ಗುತ್ತದೆ. ಒಣಗೋದು, ಮೂತ್ರದ ತೊಂದರೆ ಚಿಕಿತ್ಸೆ ಮಾಡದಿದ್ದರೆ ತಾನಾಗಿ ಹೋಗೋದು ಕಡಿಮೆ, ಎಷ್ಟೋ ಸಲ ಹೆಚ್ಚುತ್ತಾ ಹೋಗುತ್ತದೆ.

ನನಗೆ ಗರ್ಭಕೋಶ ತೆಗೆದಿದ್ದಾರೆ. ಅಂಡಾಶಯವನ್ನೂ ತೆಗೆದರಾ ಅಂತ ಗೊತ್ತೇ ಇಲ್ಲ.

ಈ ಮಾತು ಕೇಳಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಿಳಿ ಸೆರಗು ಅಂತಲೋ, ರಕ್ತಸ್ರಾವ ಅಂತಲೋ ಹೋದವರಿಗೆ ‘ಮುಂದೆ ಕ್ಯಾನ್ಸರ್ ಆಗಬಹುದು’ ಅಂತ ಹೆದರಿಸಿ ಎಲ್ಲ ತೆಗೆದುಹಾಕಿದ ಕಥೆಗಳು ನಮ್ಮ ರಾಜ್ಯದಲ್ಲೂ ಇವೆ. ಅನಗತ್ಯವಾಗಿ ಗರ್ಭಕೋಶ ತೆಗೆಯೋದರ ಬಗ್ಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಮಾರ್ಗಸೂಚಿ ಜಾರಿ ಮಾಡಿ ಅಂತ ಹೇಳಬೇಕಾಯಿತು.

ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿ ಮತ್ತು ಬಯಾಪ್ಸಿ ವರದಿಯ ಪ್ರತಿ ಕೇಳಿ ತಗೊಳ್ಳಿ. ಏನೇನು ತೆಗೆದರು ಅಂತ ಅದರಲ್ಲಿ ಬರೆದಿರುತ್ತದೆ. ‘ಬಿಎಸ್‌ಒ’ ಅಂತಿದ್ದರೆ ಎರಡೂ ಅಂಡಾಶಯ, ಎರಡೂ ಅಂಡನಾಳ ಹೋಗಿವೆ ಅಂತ ಅರ್ಥ. ಕಾಗದ ಕಳೆದುಹೋಗಿದ್ದರೆ ಡಾಕ್ಟರ್ ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಮಾಡಿಸಿ ಅಂದಾಜು ಮಾಡುತ್ತಾರೆ. ಗರ್ಭಕೋಶ ತೆಗೆದದ್ದೂ ಬೇರೆಯಾಗಿ ಲೆಕ್ಕಕ್ಕೆ ಬರುತ್ತದೆ. ಕ್ಯಾನ್ಸರ್ ಅಲ್ಲದ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡವರಿಗೆ ಮುಂದೆ ಮೂತ್ರ ಸೋರಿಕೆಗೆ ಆಪರೇಷನ್ ಬೇಕಾಗುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು ಅಂತ 2007ರಲ್ಲಿ ಪ್ರಕಟವಾದ ಸ್ವೀಡನ್ನಿನ ದೊಡ್ಡ ಅಧ್ಯಯನ ತೋರಿಸಿತು.

ನನಗಿರೋದು ಯಾವ ಥರದ ತೊಂದರೆ ಅಂತ ಹೇಗೆ ತಿಳಿಯೋದು?

ಕೆಮ್ಮಿದಾಗ, ನಕ್ಕಾಗ, ಬಿಂದಿಗೆ ಎತ್ತಿದಾಗ ಸೋರಿದರೆ ಅದು ಒತ್ತಡದ ಸೋರಿಕೆ. ಮನೆ ಬಾಗಿಲಿಗೆ ಕೀಲಿ ಹಾಕುವಷ್ಟರಲ್ಲಿ, ನಲ್ಲಿ ಶಬ್ದ ಕೇಳಿದಾಗ ತಡೆಯಲಾಗದೆ ಹೋದರೆ ಅದು ಅವಸರದ ಸೋರಿಕೆ. ನನ್ನಂಥ ಎಷ್ಟೋ ಜನರಿಗೆ ಎರಡೂ ಸೇರಿರುತ್ತವೆ. ಎರಡಕ್ಕೂ ಮದ್ದು ಬೇರೆ ಬೇರೆ. ಅದಕ್ಕೇ ಮೊದಲು ಮೂರು ದಿನ ಬರೆದಿಡಿ.

ನಾನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲೇ ಬರೆದೆ. ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ. ಅಂಗಡಿಯಿಂದ ಗೆರೆ ಇರುವ ಪ್ಲಾಸ್ಟಿಕ್ ಅಳತೆ ಲೋಟ ತಂದು ಬಚ್ಚಲಲ್ಲಿ ಇಟ್ಟೆ. ಎಷ್ಟು ಗಂಟೆಗೆ ಹೋದೆ, ಎಷ್ಟು ಮಿಲಿ ಬಂತು, ಏನು ಕುಡಿದೆ, ಸೋರಿತಾ, ಆಗ ಏನು ಮಾಡುತ್ತಿದ್ದೆ. ಮೂರನೇ ದಿನ ನೋಡಿದರೆ ದಿನಕ್ಕೆ 14 ಸಲ ಹೋಗಿದ್ದೆ, ಪ್ರತಿ ಸಲ ಬರೀ 100–120 ಮಿಲಿ. ದೊಡ್ಡವರ ಮೂತ್ರಕೋಶ 400–500 ಮಿಲಿ ಹಿಡಿಯುತ್ತದೆ. ಹಗಲು ಆರರಿಂದ ಎಂಟು ಸಲ, ರಾತ್ರಿ ಒಂದು ಸಲ ಹೋದರೆ ಸಹಜ. ಡಾಕ್ಟರಿಗೆ ಆ ಕ್ಯಾಲೆಂಡರ್ ಹಾಳೆಯನ್ನೇ ಹರಿದು ತಗೊಂಡು ಹೋಗಿ ತೋರಿಸಿದೆ. ಅರ್ಧ ಗಂಟೆ ಮಾತಾಡಿದರೂ ಹೇಳಲಾಗದ್ದು ಆ ಒಂದು ಹಾಳೆಯಲ್ಲಿತ್ತು.

ಜೊತೆಗೆ ಸಕ್ಕರೆ ಪರೀಕ್ಷೆ ಮಾಡಿಸಿ. ಮೂತ್ರ ಜಾಸ್ತಿಯಾಗಲು ಸಕ್ಕರೆ ಕಾಯಿಲೆಯೇ ಕಾರಣವಾಗಿರಬಹುದು. ಬಿಪಿ, ಶುಗರ್ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುತ್ತವೆ, ಮಾತ್ರೆಯ ಹಾಳೆಗಳನ್ನೆಲ್ಲ ಡಾಕ್ಟರಿಗೆ ತೋರಿಸಿ.

ನೀರು ಕಡಿಮೆ ಕುಡಿದರೆ ಸರಿ ಹೋಗುತ್ತಲ್ವಾ?

ಇಲ್ಲ. ಇದು ನಾವೆಲ್ಲ ಮಾಡುವ ತಪ್ಪು. ಶಾಲೆಯ ಟೀಚರ್‌ಗಳು, ಬಸ್ಸಿನಲ್ಲಿ ದೂರ ಓಡಾಡುವವರು, ಹೊಲಕ್ಕೆ ಹೋಗುವವರು ಒಳ್ಳೆಯ ಶೌಚಾಲಯ ಇಲ್ಲ ಅಂತ ಬೆಳಿಗ್ಗೆಯಿಂದ ಗುಟುಕು ನೀರೂ ಕುಡಿಯೋದಿಲ್ಲ. ಮೂತ್ರ ಗಟ್ಟಿಯಾಗಿ ಮೂತ್ರಕೋಶಕ್ಕೆ ಇನ್ನೂ ಉರಿ, ಮಲಬದ್ಧತೆ ಬೇರೆ, ಸೋಂಕಿಗೂ ದಾರಿ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಹಗಲಿಗೆ ಹಂಚಿ ಕುಡಿಯಿರಿ. ಬೇಸಿಗೆಯಲ್ಲಿ, ಬಿಸಿಲಲ್ಲಿ ದುಡಿಯುವವರಿಗೆ ಇನ್ನೂ ಬೇಕು. ಹೃದಯ, ಕಿಡ್ನಿ ತೊಂದರೆ ಇದ್ದವರು ಡಾಕ್ಟರ್ ಹೇಳಿದಷ್ಟೇ. ಮಲಗುವ ಎರಡು ಗಂಟೆ ಮುಂಚೆ ನಿಲ್ಲಿಸಿ. ಕಾಫಿ, ಟೀ ಎರಡು ಲೋಟಕ್ಕೆ ಇಳಿಸಿ ನೋಡಿ. ನನಗೆ ಸಂಜೆಯ ಫಿಲ್ಟರ್ ಕಾಫಿ ಬಿಡೋದೇ ಎಲ್ಲಕ್ಕಿಂತ ಕಷ್ಟವಾಯಿತು, ಆದರೆ ರಾತ್ರಿ ಮೂರು ಸಲ ಏಳೋದು ಒಂದಕ್ಕೆ ಇಳಿಯಿತು.

ವ್ಯಾಯಾಮ ಅಂತಾರಲ್ಲ, ಅದು ನಿಜವಾಗಿಯೂ ಕೆಲಸ ಮಾಡುತ್ತಾ?

ಮಾಡುತ್ತದೆ, ಸರಿಯಾದ ಸ್ನಾಯು ಹಿಡಿದು ಮಾಡಿದರೆ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಬರೆದರು, ಅವರ ಹೆಸರೇ ನಿಂತಿದೆ. ಹೂಸನ್ನು ತಡೆಯುವ ಹಾಗೆ ಕೆಳಗಿನಿಂದ ಒಳಕ್ಕೆ, ಮೇಲಕ್ಕೆ ಬಿಗಿಹಿಡಿಯಿರಿ. ಹೊಟ್ಟೆ, ತೊಡೆ, ಕುಂಡಿ ಬಿಗಿಯಬಾರದು. ಉಸಿರು ಕಟ್ಟಬಾರದು. ಐದು ಎಣಿಸುವವರೆಗೆ ಹಿಡಿದು ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಒಂದು ಸಲಕ್ಕೆ ಕನಿಷ್ಠ 8, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಎರಡು ವಾರಕ್ಕೆ ಫಲ ಕಾಣಲಿಲ್ಲ ಅಂತ ಬಿಡಬೇಡಿ.

ಮೂತ್ರ ಮಾಡುವಾಗ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡಿ ಅಂತ ಕೆಲವರು ಹೇಳುತ್ತಾರೆ. ಅದು ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು. ನಾನು ಮೊದಲ ಆರು ವಾರ ತಪ್ಪಾಗಿ ಮಾಡುತ್ತಿದ್ದೆ. ಒಳಕ್ಕೆ ಎಳೆಯುವ ಬದಲು ಕೆಳಕ್ಕೆ ತಳ್ಳುತ್ತಿದ್ದೆ. ಫಿಸಿಯೋಥೆರಪಿಸ್ಟ್ ಒಂದೇ ಸಲ ಕೈಯಿಟ್ಟು ನೋಡಿ ಹೇಳಿದರು, ‘ಅಕ್ಕ, ನೀವು ಉಲ್ಟಾ ಮಾಡ್ತಿದ್ದೀರ’ ಅಂತ. ಹೆರಿಗೆ ಮತ್ತು ಸ್ತ್ರೀರೋಗಗಳ ಫಿಸಿಯೋಥೆರಪಿ ಕಲಿತವರನ್ನು ಒಂದು ಸಲವಾದರೂ ನೋಡಿ.

ಸೀನು ಬರುತ್ತಿದೆ ಅನಿಸಿದ ತಕ್ಷಣ, ಗ್ಯಾಸ್ ಸಿಲಿಂಡರ್ ಸರಿಸುವ ಮುಂಚೆ, ಮೊದಲೇ ಬಿಗಿಹಿಡಿದು ಆಮೇಲೆ ಸೀನಿ. ಇದೊಂದೇ ಅಭ್ಯಾಸದಿಂದ ನನ್ನ ಅರ್ಧ ತೊಂದರೆ ಹೋಯಿತು. ತೂಕ ಜಾಸ್ತಿ ಇದ್ದರೆ ಅದೂ ಇಳಿಯಬೇಕು. 2009ರ ಅಮೆರಿಕದ ಅಧ್ಯಯನದಲ್ಲಿ ಆರು ತಿಂಗಳಲ್ಲಿ ತೂಕದ ನೂರಕ್ಕೆ 8 ಭಾಗ ಇಳಿಸಿದವರಿಗೆ ವಾರದ ಸೋರಿಕೆ ನೂರಕ್ಕೆ 47ರಷ್ಟು ತಗ್ಗಿತು.

ಅವಸರ ತಡೆಯೋಕೆ ಏನು ಮಾಡಬೇಕು?

ಮೂತ್ರಕೋಶಕ್ಕೆ ಮತ್ತೆ ಪಾಠ ಹೇಳಿಕೊಡಬೇಕು. ಅವಸರ ಬಂದಾಗ ಓಡಬೇಡಿ. ನಿಂತಲ್ಲೇ ನಿಲ್ಲಿ ಅಥವಾ ಕೂತುಬಿಡಿ, ಕೆಳಗೆ ಐದಾರು ಸಲ ಬೇಗ ಬೇಗ ಬಿಗಿಹಿಡಿಯಿರಿ, ಅಲೆ ಇಳಿದ ಮೇಲೆ ನಿಧಾನವಾಗಿ ನಡೆದು ಹೋಗಿ. ಈಗ ಗಂಟೆಗೊಮ್ಮೆ ಹೋಗುತ್ತಿದ್ದರೆ ಒಂದು ವಾರ ಗಂಟೆ ಹದಿನೈದು ನಿಮಿಷ, ಮುಂದಿನ ವಾರ ಒಂದೂವರೆ ಗಂಟೆ. ಕನಿಷ್ಠ ಆರು ವಾರ ಬೇಕು. ‘ಎದುರಿಗೆ ಬಾತ್‌ರೂಮ್ ಇದೆ, ಹೋಗಿಬಿಡೋಣ’ ಅನ್ನೋ ಚಟ ಬಿಡಿ.

ಇದರಿಂದ ಸಾಲದಿದ್ದರೆ ಮಾತ್ರೆ ಇವೆ. ಸಾಲಿಫೆನಾಸಿನ್, ಟಾಲ್ಟೆರೊಡಿನ್ ಥರದವು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ವಯಸ್ಸಾದವರಿಗೆ ಮರೆವು ಹೆಚ್ಚಿಸಬಹುದು. ಮಿರಾಬೆಗ್ರಾನ್‌ನಲ್ಲಿ ಅದು ಕಡಿಮೆ, ಆದರೆ ಬಿಪಿ ನೋಡುತ್ತಿರಬೇಕು.

ಉರಿಮೂತ್ರ ಬರುತ್ತೆ, ಮಾತ್ರೆ ತಗೊಂಡ್ರೆ ಹೋಗುತ್ತೆ, ತಿಂಗಳಿಗೆ ಮತ್ತೆ ಬರುತ್ತೆ. ಏನು ಮಾಡಲಿ?

ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷಕ್ಕೆ ಮೂರು ಸಲ ಬಂದರೆ ಅದು ‘ಪದೇ ಪದೇ ಬರುವ ಸೋಂಕು’. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮೂರು ಮಾತ್ರೆ ತಿನ್ನೋದನ್ನು ಮೊದಲು ನಿಲ್ಲಿಸಿ. ಆ್ಯಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ನಮ್ಮ ದೇಶದಲ್ಲಿ ಈಗಾಗಲೇ ತುಂಬ ಇವೆ. ಮಾತ್ರೆ ಶುರು ಮಾಡುವ ಮುಂಚೆ, ಯಾವ ಬ್ಯಾಕ್ಟೀರಿಯಾ ಇದೆ ಅಂತ ತಿಳಿಸುವ ಯೂರಿನ್ ಕಲ್ಚರ್‌ಗೆ ಕೊಡಿ. ಉರಿಯೇ ಇಲ್ಲದೆ ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧಿ ಬೇಕಾಗೋದಿಲ್ಲ.

ಬೇರಿಗೆ ಮದ್ದು ಅಂದರೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್. 1993ರಲ್ಲಿ ಬಂದ ಅಧ್ಯಯನದಲ್ಲಿ ಮುಟ್ಟು ನಿಂತ, ಸೋಂಕು ಮರುಕಳಿಸುತ್ತಿದ್ದ 93 ಹೆಂಗಸರು ಇದ್ದರು. ಎಸ್ಟ್ರಿಯಾಲ್ ಅನ್ನೋ ಈಸ್ಟ್ರೋಜನ್ ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 0.5 ಸಲ ಸೋಂಕು ಬಂತು, ಔಷಧಿ ಇಲ್ಲದ ಕ್ರೀಮ್ ಹಚ್ಚಿದವರಿಗೆ 5.9 ಸಲ. ಇಷ್ಟು ದೊಡ್ಡ ವ್ಯತ್ಯಾಸ ಇದ್ದರೂ ಎಷ್ಟೋ ಜನರಿಗೆ ಇದನ್ನು ಯಾರೂ ಬರೆದುಕೊಡೋದಿಲ್ಲ. ಕ್ರೀಮ್ ಹಚ್ಚಲಾಗದವರಿಗೆ ಮೆಥೆನಮೈನ್ ಹಿಪ್ಪ್ಯುರೇಟ್ ಅನ್ನೋ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಬಹುದು, ಅದು ಆ್ಯಂಟಿಬಯಾಟಿಕ್ ಅಲ್ಲ. ಉರಿಮೂತ್ರ ತಡೆಯುತ್ತೆ ಅಂತ ಮಾರುವ ಡಿ-ಮ್ಯಾನೋಸ್ ಪುಡಿಗೆ ದುಡ್ಡು ಹಾಕಬೇಡಿ, 2024ರಲ್ಲಿ ಬಂದ ಬ್ರಿಟನ್ನಿನ ಪರೀಕ್ಷೆಯಲ್ಲಿ ಅದರಿಂದ ಉಪಯೋಗ ಕಾಣಲಿಲ್ಲ. ಬಾರ್ಲಿ ನೀರು, ಎಳನೀರು ಕುಡಿಯಿರಿ, ಒಳ್ಳೆಯದೇ, ಆದರೆ ಸೋಂಕಿಗೆ ಅದೇ ಮದ್ದಲ್ಲ.

ಡೆಟಾಲ್ ಹಾಕಿದ ನೀರಲ್ಲಿ, ಸೋಪಿನಲ್ಲಿ ಒಳಗೆ ತೊಳೆಯೋದು ಬೇಡವೇ ಬೇಡ. ಇರುವ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತವೆ. ಬರೀ ನೀರು ಸಾಕು.

ಆ ಕ್ರೀಮ್ ಹಚ್ಚಿದರೆ ಸ್ತನ ಕ್ಯಾನ್ಸರ್ ಬರೋದಿಲ್ವಾ? ನಮಗೆ ಮೊದಲೇ ಜೀನ್ ದೋಷ ಇದೆ.

ಈ ಭಯ ನನಗೂ ಇತ್ತು. ಟ್ಯೂಬ್ ತಂದು ಎರಡು ತಿಂಗಳು ಫ್ರಿಜ್ ಮೇಲೆ ಇಟ್ಟಿದ್ದೆ. ಕ್ರೀಮ್ ಕೆಲಸ ಮಾಡೋದು ಹಚ್ಚಿದ ಜಾಗದಲ್ಲೇ, ರಕ್ತಕ್ಕೆ ಸೇರೋದು ಬಹಳ ಕಡಿಮೆ. ಸ್ತನ ಕ್ಯಾನ್ಸರ್ ಬಂದಿರದವರು, ಬಿಆರ್‌ಸಿಎ ದೋಷ ಇದ್ದರೂ, ಡಾಕ್ಟರ್ ಸಲಹೆಯಂತೆ ಬಳಸಬಹುದು. ಸಾಮಾನ್ಯವಾಗಿ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ನಿಲ್ಲಿಸಿದರೆ ತೊಂದರೆ ಮರಳಿ ಬರುತ್ತದೆ. ಹಾಗಾಗಿ ಇದು ಹಲ್ಲುಜ್ಜುವ ಹಾಗೆ ವರ್ಷಾನುಗಟ್ಟಲೆ ಮಾಡುವ ಕೆಲಸ.

ಸ್ತನ ಕ್ಯಾನ್ಸರ್ ಬಂದು ಹೋದವರ ವಿಷಯ ಬೇರೆ. ಅವರಿಗೆ ಮೊದಲು ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್, ವ್ಯಾಯಾಮ. ಅದರಿಂದ ಆಗದಿದ್ದರೆ ಕ್ಯಾನ್ಸರ್ ಡಾಕ್ಟರ್ ಜೊತೆ ಕೂತು ತೀರ್ಮಾನ. ಮೈಯಲ್ಲಿ ಈಸ್ಟ್ರೋಜನ್ ತಗ್ಗಿಸುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಥರದ ಮಾತ್ರೆ ನುಂಗುತ್ತಿರುವವರಂತೂ ಕೇಳದೆ ಹಚ್ಚಲೇಬಾರದು.

ಹಾರ್ಮೋನ್ ಮಾತ್ರೆ ನುಂಗುತ್ತಿದ್ದೇನೆ. ಸೋರಿಕೆಗೆ ಅದೇ ಸಾಕಾಗೋದಿಲ್ವಾ?

ಸಾಕಾಗೋದಿಲ್ಲ. ಚಿಕ್ಕ ವಯಸ್ಸಿಗೆ ಅಂಡಾಶಯ ಹೋದವರಿಗೆ, ಸ್ತನ ಕ್ಯಾನ್ಸರ್ ಬಂದಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡೋದು ಮೂಳೆ, ಹೃದಯ, ನಿದ್ದೆಗೆ ಒಳ್ಳೆಯದು. ಮೂತ್ರ ಸೋರಿಕೆಗೆ ಅಲ್ಲ. 50 ದಾಟಿದ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ನುಂಗುವ ಈಸ್ಟ್ರೋಜನ್‌ನಿಂದ ಸೋರಿಕೆ ಹೆಚ್ಚಾಗಿದ್ದು 2005ರಲ್ಲಿ ಪ್ರಕಟವಾಯಿತು. ಹಾಗಂತ ನಿಮ್ಮ ಮಾತ್ರೆ ನಿಲ್ಲಿಸಬೇಡಿ. ಮಾತ್ರೆ ಜೊತೆ ಕ್ರೀಮೂ ಬೇಕಾಗಬಹುದು, ಕೇಳಿ.

ಸೋರಿಕೆಗೆ ಆಪರೇಷನ್ ಇದೆಯಾ?

ಒತ್ತಡದ ಸೋರಿಕೆಗೆ ಇದೆ. ಮೂತ್ರನಾಳಕ್ಕೆ ಕೆಳಗಿನಿಂದ ಪಟ್ಟಿಯ ಆಸರೆ ಕೊಡುತ್ತಾರೆ. ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಆಗದಿದ್ದರೆ ಮಾತ್ರ ಆ ಮಾತು.

ಯಾವುದಕ್ಕೆ ಕಾಯಲೇಬಾರದು?

ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ. ಚಳಿ ಜ್ವರದ ಜೊತೆ ಸೊಂಟದ ಪಕ್ಕ ನೋವು ಬಂದರೆ. ಮೂತ್ರ ಕಟ್ಟಿಕೊಂಡರೆ. ಕಾಲು ಜೋಮು ಹಿಡಿದು ಸೋರಿಕೆ ಶುರುವಾದರೆ. ಇನ್ನೊಂದು ನಮಗೇ ಸಂಬಂಧಿಸಿದ್ದು: ಅಂಡಾಶಯ ತೆಗೆದ ಮೇಲೂ ಹೊಟ್ಟೆಯ ಒಳಪೊರೆಯಲ್ಲಿ ಅದೇ ಜಾತಿಯ ಕ್ಯಾನ್ಸರ್ ಬರುವ ಸಣ್ಣ ಸಾಧ್ಯತೆ ಉಳಿದಿರುತ್ತದೆ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ಜೊತೆಗೆ ಹೊಸದಾಗಿ ಮೂತ್ರದ ಅವಸರ, ಇವು ಎರಡು ಮೂರು ವಾರ ಬಿಡದೆ ಇದ್ದರೆ ಗ್ಯಾಸ್ಟ್ರಿಕ್ ಅಂತ ಸುಮ್ಮನಿರಬೇಡಿ.

ನನಗಿನ್ನೂ ಆಪರೇಷನ್ ಆಗಿಲ್ಲ. ಈಗಲೇ ಏನು ಮಾಡಬಹುದು?

ವ್ಯಾಯಾಮ ಇವತ್ತೇ ಶುರು ಮಾಡಿ. ಡಾಕ್ಟರನ್ನು ಕೇಳಿ: ಗರ್ಭಕೋಶ ಉಳಿಸಬಹುದಾ, ತೆಗೆಯಲು ಬೇರೆ ಕಾರಣ ಇದೆಯಾ? ಆಮೇಲೆ ಹಾರ್ಮೋನ್ ಕೊಡುತ್ತೀರಾ? ಮೂತ್ರದ ತೊಂದರೆ ಬಂದರೆ ಯಾರನ್ನು ನೋಡಲಿ? ಈ ಕ್ಯಾನ್ಸರ್ ಎಷ್ಟೋ ಸಲ ಅಂಡನಾಳದಲ್ಲೇ ಹುಟ್ಟುತ್ತದೆ ಅಂತ ಈಗ ಗೊತ್ತಾಗಿದೆ. ಅದಕ್ಕೇ ಮೊದಲು ಅಂಡನಾಳ, ಕೆಲವು ವರ್ಷ ಬಿಟ್ಟು ಅಂಡಾಶಯ ತೆಗೆಯುವ ದಾರಿಯನ್ನು ನೆದರ್ಲೆಂಡ್ಸ್ ಮುಂತಾದ ಕಡೆ ಪರೀಕ್ಷಿಸುತ್ತಿದ್ದಾರೆ. 2021ರಲ್ಲಿ ಬಂದ ಅಲ್ಲಿನ ಫಲಿತಾಂಶದಲ್ಲಿ ಹಾಗೆ ಮಾಡಿಸಿಕೊಂಡವರಿಗೆ ಮುಟ್ಟು ನಿಲ್ಲುವುದರ ತೊಂದರೆಗಳು ಕಡಿಮೆ ಇದ್ದವು. ಆದರೆ ಕ್ಯಾನ್ಸರ್ ತಡೆಯೋದಕ್ಕೆ ಇವತ್ತಿಗೂ ನಿಯಮವಾಗಿ ಹೇಳೋದು ಎರಡನ್ನೂ ಒಟ್ಟಿಗೆ ತೆಗೆಯೋದನ್ನೇ. ಮೂತ್ರಕೋಶದ ಭಯಕ್ಕೆ ಮುಖ್ಯ ಆಪರೇಷನ್ ಮುಂದೂಡಬೇಡಿ.

ಡಾಕ್ಟರ್ ಮುಂದೆ ಹೇಳೋಕೆ ನಾಚಿಕೆ. ಜೊತೆಗೆ ಮನೆಯವರು ಬೇರೆ ಇರ್ತಾರೆ.

‘ಒಳಗೆ ಪರೀಕ್ಷೆ ಮಾಡಿಸಬೇಕು, ನೀವು ಹೊರಗಿರಿ’ ಅಂತ ಮನೆಯವರಿಗೆ ಹೇಳಿ. ಬಾಯಿ ಬರದಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ: ‘ಇಂಥ ವರ್ಷ ಎರಡೂ ಅಂಡಾಶಯ ತೆಗೆಸಿದ್ದೇನೆ. ಇಷ್ಟು ತಿಂಗಳಿಂದ ಮೂತ್ರ ಸೋರುತ್ತಿದೆ. ಮೂರು ದಿನದ ಲೆಕ್ಕ ಹಿಂದೆ ಬರೆದಿದೆ.’ ನಾನು ಮೊದಲ ಸಲ ಹಾಗೇ ಮಾಡಿದೆ. ಡಾಕ್ಟರ್ ಚೀಟಿ ಓದಿ, ಹಾಳೆ ತಿರುಗಿಸಿ, ‘ಕೂತ್ಕೊಳಿ ಅಮ್ಮ, ರಾತ್ರಿ ಎಷ್ಟು ಸಲ ಏಳ್ತೀರ?’ ಅಂದರು.